ಬಿಸಿಲು ರಜಾ ಹಾಕಿದ ವಾರ

ನಮ್ಮನೇಲಿ ಚಳಿ ಬಂತು ಅನ್ನೋ ಸುದ್ದಿನ ಪೇಪರ್, ಟೀವಿ, ಫೋನು ಎಲ್ಲಕ್ಕಿಂತ ಮೊದ್ಲು ಹೇಳೋದು ಕೊಬ್ಬರಿ ಎಣ್ಣೆ ಬಾಟ್ಲಿ. 24 ಡಿಗ್ರಿಗಿಂತ ಕೆಳಗೆ ಇಳೀತು ಅಂದ್ರೆ ತಳದಲ್ಲಿ ಬೆಳ್ಳಗೆ ಗಟ್ಟಿ ಆಗೋಕೆ ಶುರು, ಆಮೇಲೆ ಬಾಟ್ಲಿ ತಲೆಕೆಳಗೆ ಮಾಡಿ ಕುಟ್ಟಿದ್ರೂ ಒಂದು ಹನಿ ಬೀಳಲ್ಲ, ಮಗಳು ಜಡೆ ಹಾಕಿಸ್ಕೊಳ್ಳೋಕೆ ಬಂದು ನಿಂತಿರ್ತಾಳೆ, ನಾನು ಬಾಟ್ಲಿನ ಕಂಕುಳಲ್ಲಿ ಇಟ್ಕೊಂಡು ಚಪಾತಿ ಲಟ್ಟಿಸ್ತಾ ಇರ್ತೀನಿ. ಚಮಚದ ಹಿಡೀಲಿ ಕೆದಕಿ ತೆಗೆಯೋದು ನಮ್ಮನೆಯವರ ಪದ್ಧತಿ. ಬಿಸಿನೀರಿನ ಚೊಂಬಲ್ಲಿ ಮುಳುಗಿಸಿಡೋದು ಅತ್ತೆ ಪದ್ಧತಿ. ಮಾವ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ಅವರು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ "ಥರ್ಮಾಮೀಟರ್ ಯಾಕಮ್ಮ ದುಡ್ಡು ಕೊಟ್ಟು ತರ್ಬೇಕು" ಅಂತಾರೆ ಅಷ್ಟೇ, ಎಣ್ಣೆ ಮಾತ್ರ ಹಾಗೇ ಇರುತ್ತೆ.

ನಾನು ಹೇಳ್ತಿರೋದು 2024ರ ನವೆಂಬರ್ ಕೊನೇ ವಾರದ ವಿಷ್ಯ. ಪಂಚಾಂಗದ ಲೆಕ್ಕದಲ್ಲಿ ಅದು ಕಾರ್ತೀಕ ಮಾಸದ ಕೊನೇ ವಾರ, ಅಂದ್ರೆ ಶರದೃತುವಿನ ಕೊನೇ ವಾರ. ಸೋಮವಾರ 25ನೇ ತಾರೀಕು ಬಸವನಗುಡಿ ಕಡ್ಲೆಕಾಯಿ ಪರಿಷೆ, ಭಾನುವಾರ ಡಿಸೆಂಬರ್ 1ಕ್ಕೆ ಅಮಾವಾಸ್ಯೆ, ಮಧ್ಯದಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತ. ಹೆಸರು ಫೆಂಗಲ್. ಆ ಹೆಸರು ಕೊಟ್ಟಿದ್ದು ಸೌದಿ ಅರೇಬಿಯಾ ಅಂತೆ, ಮರಳುಗಾಡಿನೋರು ಹೆಸರಿಟ್ಟ ಗಾಳಿಗೆ ಹನುಮಂತನಗರದಲ್ಲಿ ನಾವು ಕಂಬಳಿ ತೆಗೆದ್ವಿ.

ಬೆಂಗಳೂರು ಚಳಿ ಅಂದ್ರೆ ಬೇರೆ ಊರಿನೋರಿಗೆ ನಗು ಬರುತ್ತೆ, ಅದೇನೂ ತಪ್ಪಿಲ್ಲ. ಈ ಊರಲ್ಲಿ ದಾಖಲಾಗಿರೋ ಅತಿ ಕಮ್ಮಿ ಉಷ್ಣಾಂಶನೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮಾವನಿಗೆ ಇದು ಬಾಯಿಪಾಠ, ಪ್ರತಿ ವರ್ಷ ಸ್ವೆಟರ್ ತೆಗೆಯೋ ದಿನ ಹೇಳ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರೋ ಊರು, ಮಾಮೂಲಿ ನವೆಂಬರಲ್ಲಿ ರಾತ್ರಿ 17ರ ಆಸುಪಾಸು, ಹಗಲು 27. ಇಷ್ಟೇ. ಆದ್ರೆ ಚಂಡಮಾರುತದ ಚಳಿ ಬೇರೆ ಥರ, ಅದನ್ನ ಈ ನಂಬರ್ ನೋಡಿದ್ರೆ ಅರ್ಥ ಆಗಲ್ಲ. ಮೋಡ ಕವುಚ್ಕೊಂಡ್ರೆ ರಾತ್ರಿ ನೆಲ ಬಿಡೋ ಶಾಖನೂ ಮೇಲೆ ಹೋಗಲ್ಲ, ಹಾಗಾಗಿ ರಾತ್ರಿ ಅಂಥಾ ಚಳಿ ಇರಲ್ಲ, ಒಂದು ಕಂಬಳಿ ಸಾಕು. ಹೊಡೆತ ಎಲ್ಲಾ ಹಗಲಿಗೆ. ಬೆಳಿಗ್ಗೆ ಆರಕ್ಕೆ ಎಷ್ಟು ತಣ್ಣಗಿತ್ತೋ ಮಧ್ಯಾಹ್ನ ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ, ಹೊತ್ತು ಏರ್ತಿದೆ ಅನ್ನೋದು ಗಡಿಯಾರದಲ್ಲಿ ಮಾತ್ರ ಗೊತ್ತಾಗ್ತಿತ್ತು. ಆ ವಾರ ನಂಗೆ ಸರಿಯಾಗಿ ಕಣ್ಣಿಗೆ ಕಂಡಿದ್ದು ಏನಂದ್ರೆ, ನಮ್ಮನೇಲಿ ಬಿಸಿಲು ಅನ್ನೋದು ಸಂಬಳ ಇಲ್ದೆ ದಿನಾ ಬಂದು ಕೆಲಸ ಮಾಡಿ ಹೋಗೋ ಆಳು. ನೀರು ಕಾಯ್ಸೋದು ಅದೇ, ಬಟ್ಟೆ ಒಣಗ್ಸೋದು ಅದೇ, ಹಿಟ್ಟು ಉಬ್ಬಿಸೋದು, ಹಾಲಿಗೆ ಹೆಪ್ಪು ಹತ್ತಿಸೋದು, ಅತ್ತೆ ಮಂಡಿಗೆ ಶಾಖ ಕೊಡೋದು, ಎಲ್ಲಾ ಅದೇ. ಅದು ಹೇಳದೇ ಕೇಳದೇ ರಜಾ ಹಾಕ್ತು ಅಂದ್ರೆ ಅಷ್ಟೂ ಕೆಲಸ ಯಾರದ್ದೋ ಕೈಗೆ ಬರುತ್ತೆ. ಯಾರ ಕೈಗೆ ಅಂತ ಬಿಡಿಸಿ ಹೇಳ್ಬೇಕಾ.

ಪರಿಷೆಯಿಂದ್ಲೇ ಶುರು ಮಾಡ್ತೀನಿ, ಆಮೇಲಿನ ರಾಮಾಯಣಕ್ಕೆಲ್ಲಾ ಅಲ್ಲಿ ತಂದ ಕಡ್ಲೆಕಾಯಿನೇ ಅರ್ಧ ಕಾರಣ.

ಕಾರ್ತೀಕದ ಕೊನೇ ಸೋಮವಾರ ದೊಡ್ಡಬಸವಣ್ಣನ ಗುಡಿ ಹತ್ರ ಪರಿಷೆ ಸೇರೋದು ಎಲ್ರಿಗೂ ಗೊತ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ರೈತರು ಬೆಳೆದ ಕಡ್ಲೆಕಾಯಿನ ರಾತ್ರಿ ಹೊತ್ತು ಒಂದು ಬಸವ ಬಂದು ಮೇಯ್ದು ಹೋಗ್ತಿತ್ತು, ಆಮೇಲೆ ರೈತರು ಮೊದಲ ಫಸಲು ನಿನಗೇ ಕೊಡ್ತೀವಪ್ಪಾ ಅಂತ ಹರಕೆ ಮಾಡ್ಕೊಂಡ್ರು, ಕೆಂಪೇಗೌಡರು ಗುಡಿ ಕಟ್ಟಿಸಿದ್ರು ಅನ್ನೋದು ಕಥೆ. ಪ್ರತಿ ವರ್ಷ ಪರಿಷೆಗೆ ಹೋಗ್ತಾ ದಾರೀಲಿ ಅತ್ತೆ ಈ ಕಥೆ ಹೇಳ್ತಾರೆ, ಪ್ರತಿ ವರ್ಷ ಮಾವ ಅದಕ್ಕೆ ಕಲ್ಲು ಹಾಕ್ತಾರೆ: "ಕಡ್ಲೆಕಾಯಿ ದಕ್ಷಿಣ ಅಮೆರಿಕದ ಬೆಳೆ ಕಣೇ, ಪೋರ್ಚುಗೀಸರು ಈ ಕಡೆ ಬಂದ್ಮೇಲೆ ಬಂದಿದ್ದು, ಕೆಂಪೇಗೌಡರ ಕಾಲಕ್ಕೆ ಅಷ್ಟು ಬೇಗ ಗುಟ್ಟಹಳ್ಳಿಗೆ ಹೆಂಗೆ ಬರುತ್ತೆ?" ಅತ್ತೆ ಈ ಸಲ ತಿರುಗಿ ನೋಡದೇನೇ ಹೇಳಿದ್ರು, "ಬಸವಣ್ಣ ತಿಂದಿದ್ದಾನೆ ಅಂದ್ಮೇಲೆ ಬಂದಿರುತ್ತೆ ಬಿಡಿ." ಇದಕ್ಕೆ ಯಾವ ಮೇಷ್ಟ್ರು ಏನು ಉತ್ತರ ಕೊಡ್ತಾರೆ.

ಸಂಜೆ ಆರರ ಮೇಲೆ ಹೋಗಿದ್ದು, ಬುಲ್ ಟೆಂಪಲ್ ರೋಡ್ ಉದ್ದಕ್ಕೂ ಎರಡೂ ಕಡೆ ಕಡ್ಲೆಕಾಯಿ ರಾಶಿ, ಹಸೀದು, ಹುರಿದಿದ್ದು, ಬೇಯ್ಸಿದ್ದು. ತಣ್ಣನೆ ಗಾಳಿ ಬೀಸ್ತಿತ್ತು, ಹಾಗಾಗಿ ಜನ ಎಲ್ಲಾ ಬೇಯ್ಸಿದ ಕಡ್ಲೆಕಾಯಿ ಗುಡಾಣದ ಸುತ್ತ. ನಾನು ದುಡ್ಡು ಕೊಟ್ಟು ಕೈಗೆ ಇಸ್ಕೊಂಡು ಹೋಗೋಣ ಅನ್ನೋಳು. ಅತ್ತೆ ಹಾಗಲ್ಲ, ಅವರ ತವರು ಮಾಗಡಿ ಕಡೆ ಹಳ್ಳಿ, ಕಾಯಿ ಕೊಳ್ಳೋದು ಅಂದ್ರೆ ಅವರಿಗೆ ಒಂದು ಶಾಸ್ತ್ರ. ರಾಶಿ ಮೇಲಿಂದ ತೆಗೆಯಲ್ಲ, ಕೈ ಒಳಗೆ ತೂರಿಸಿ ಮಧ್ಯದಿಂದ ಒಂದು ಕಾಯಿ ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾರೆ, ಗಲಗಲ ಅಂದ್ರೆ ಹಳೇದು, ಒಣಗಿದೆ. ಸದ್ದು ಬರ್ಲಿಲ್ಲ ಅಂದ್ರೆ ಹೆಬ್ಬೆರಳಲ್ಲಿ ಮೂತಿ ಒತ್ತಿ ಬಿಡಿಸಿ ಬೀಜದ ಮೇಲಿನ ಸಿಪ್ಪೆ ನೋಡ್ತಾರೆ, ತೆಳು ಗುಲಾಬಿ ಇದ್ರೆ ಈಗ ಕಿತ್ತಿದ್ದು. ಒಳಗಡೆ ಓಡಿನ ಗೋಡೆ ಬೆಳ್ಳಗಿದ್ರೆ ಇನ್ನೂ ಬಲಿತಿಲ್ಲ, ಕಂದು ಗೆರೆ ಬಿದ್ದಿದ್ರೆ ಬಲಿತಿದೆ. ಅದಾದ್ಮೇಲೆ ತಿಂತಾರೆ. ತಿಂದ್ಮೇಲೆ ರೇಟ್ ಕೇಳ್ತಾರೆ. ರೇಟ್ ಕೇಳಿ ಮುಂದಿನ ಅಂಗಡಿಗೆ ಹೋಗ್ತಾರೆ. ಹೀಗೆ ಗಾಂಧಿಬಜಾರ್ ಕಡೆಯಿಂದ ಗುಡಿ ಮುಂದೆ ಬರೋ ಹೊತ್ತಿಗೆ ಅವರ ರಾತ್ರಿ ಊಟ ಆಗೋಗಿತ್ತು, ಕೊನೆಗೆ ಮೊದಲ್ನೇ ಅಂಗಡಿಗೇ ವಾಪಸ್ ಹೋಗಿ ಚೀಲ ತುಂಬಾ ಹಸಿ ಕಾಯಿ ಅಳೆಸಿದ್ರು. ಸೇರಲ್ಲಿ ಅಳೆಯೋವಾಗ ಮೇಲೆ ಗೋಪುರ ಬರ್ಬೇಕು, ಗೋಪುರ ಬಂದ್ಮೇಲೆ ಇನ್ನೊಂದು ಹಿಡಿ ಕೊಸರು.

"ಇಷ್ಟೊಂದಾ ಅತ್ತೆ?" ಅಂದೆ. "ಮಹಡಿ ಮೇಲೆ ಬಿಸಿಲಿಗೆ ಹಾಕಿದ್ರೆ ನಾಲ್ಕು ದಿನಕ್ಕೆ ಒಣಗುತ್ತೆ, ಸಂಕ್ರಾಂತಿವರ್ಗೂ ಬರುತ್ತೆ ಬಾ," ಅಂದ್ರು. ಬಿಸಿಲು. ಅಲ್ಲೇ ಲೆಕ್ಕ ತಪ್ಪಿದ್ದು.

ವಾರದ ಮೊದಲಲ್ಲಿ ಆಗೊಮ್ಮೆ ಈಗೊಮ್ಮೆ ಸೂರ್ಯ ಮುಖ ತೋರಿಸ್ತಿದ್ದ, ಮಹಡಿ ಮೇಲೆ ಹಳೇ ಸೀರೆ ಹಾಸಿ ಕಾಯಿ ಹರವಿದ್ವಿ, ಹನಿ ಬಿತ್ತು ಅಂತ ಎತ್ತಿದ್ವಿ, ಮತ್ತೆ ಹರವಿದ್ವಿ, ಮತ್ತೆ ಎತ್ತಿದ್ವಿ. ಗುರುವಾರದ ಹೊತ್ತಿಗೆ ಹರವೋದನ್ನ ಬಿಟ್ಟು ಹಾಲಲ್ಲಿ ಸೋಫಾ ಹಿಂದೆ ಪೇಪರ್ ಮೇಲೆ ಸುರಿದ್ವಿ. ಫ್ಯಾನ್ ಹಾಕಿದ್ರೆ ಕಡ್ಲೆಕಾಯಿಗೆ ಒಳ್ಳೇದು, ಮಾವನಿಗೆ ಶೀತ. ಫ್ಯಾನ್ ಆರಿಸಿದ್ರೆ ಮಾವನಿಗೆ ಒಳ್ಳೇದು, ಕಡ್ಲೆಕಾಯಿಗೆ ಬೂಷ್ಟು. ಇದರ ನಡುವೆ ನನ್ನ ಆಫೀಸ್ ಕಾಲ್.

ಅಷ್ಟರಲ್ಲಿ ಸೋಲಾರ್ ಕೈ ಕೊಡ್ತು. ಕೈ ಕೊಡ್ತು ಅನ್ನೋದೂ ಅನ್ಯಾಯ, ಪಾಪ ಅದು ಬಿಸಿಲಿದ್ರೆ ತಾನೇ ಕಾಯ್ಸೋದು. 2007ರ ಸುಮಾರಿಗೆ ಹೊಸ ಮನೆ ಕಟ್ಟೋರು ಸೋಲಾರ್ ವಾಟರ್ ಹೀಟರ್ ಹಾಕ್ಲೇಬೇಕು ಅಂತ ರೂಲ್ಸ್ ಬಂತು, ಆಮೇಲೆ ಬೆಂಗಳೂರಲ್ಲಿ ಮೇಲಿಂದ ನೋಡಿದ್ರೆ ಪ್ರತಿ ಮಹಡಿ ಮೇಲೂ ಒಂದು ದುಂಡನೆ ಟ್ಯಾಂಕು, ಅದರ ಕೆಳಗೆ ಇಳಿಜಾರಾಗಿ ಗಾಜಿನ ಕೊಳವೆಗಳು. ನಮ್ಮದೂ ಅದೇ. ಮೋಟಾರಿಲ್ಲ ಪಂಪಿಲ್ಲ, ಕೊಳವೇಲಿ ಕಾದ ನೀರು ಹಗುರಾಗಿ ತಾನಾಗೇ ಟ್ಯಾಂಕಿಗೆ ಏರುತ್ತೆ, ಟ್ಯಾಂಕಿನ ತಣ್ಣೀರು ಕೆಳಗಿಳಿಯುತ್ತೆ, ದಿನವಿಡೀ ಸುಮ್ನೆ ಸುತ್ತುತ್ತಾ ಇರುತ್ತೆ. ಮೋಡ ಇದ್ರೂ ಒಂದು ದಿನ ಪರವಾಗಿಲ್ಲ, ಟ್ಯಾಂಕಿಂದ ಶಾಖ ಹೊರಗೆ ಹೋಗದಿರೋ ಹಾಗೆ ಸುತ್ತ ಫೋಮ್ ಇರುತ್ತೆ, ನಿನ್ನೆಯ ನೀರು ಇವತ್ತಿಗೂ ಬೆಚ್ಚಗಿರುತ್ತೆ. ಎರಡ್ನೇ ದಿನ ಉಗುರುಬೆಚ್ಚಗೆ. ಮೂರ್ನೇ ದಿನ ಐದು ಜನರ ಮನೇಲಿ ಯಾರು ಮೊದ್ಲು ಸ್ನಾನಕ್ಕೆ ಹೋಗೋದು ಅನ್ನೋದು ಪಂಚಾಯ್ತಿ ವಿಷ್ಯ.

ಸೋಲಾರ್ ಮನೆಯೋರಿಗೆ ಇನ್ನೊಂದು ಕಷ್ಟ ಗೊತ್ತಿರುತ್ತೆ. ಮಹಡಿ ಮೇಲಿಂದ ಕೆಳಗಿನ ಬಚ್ಚಲಿಗೆ ಬರೋ ಪೈಪಲ್ಲಿ ರಾತ್ರಿಯೆಲ್ಲಾ ನಿಂತಿರೋ ನೀರು ಮೊದ್ಲು ಖಾಲಿ ಆಗ್ಬೇಕು. ನಲ್ಲಿ ತಿರುಗಿಸಿ ಕೈ ಒಡ್ಡಿ ನಿಂತ್ಕೋಬೇಕು, ಮೊದ್ಲು ಐಸ್ ಥರದ ನೀರು, ಅದು ಒಂದು ಬಕೆಟ್ ತುಂಬುತ್ತೆ, ಎರಡ್ನೇ ಬಕೆಟ್ ಇಡ್ತೀರಿ, ಕೈಗೆ ಸ್ವಲ್ಪ ಬಿಸಿ ಅನ್ಸುತ್ತೆ, ಅದು ನಿಜವಾಗ್ಲೂ ಬಿಸಿನಾ ಇಲ್ಲಾ ಕೈ ಮರಗಟ್ಟಿದೆಯಾ ಗೊತ್ತಾಗಲ್ಲ, ಇನ್ನೊಂದು ನಿಮಿಷ ನೋಡೋಣ ಅಂತೀರಿ, ಅಷ್ಟರಲ್ಲಿ ಹೊರಗಿಂದ ಬಾಗಿಲು ತಟ್ತಾರೆ. ಆ ವಾರ ಆ ತಣ್ಣೀರ ಬಕೆಟ್‌ಗಳು ಬಚ್ಚಲಲ್ಲಿ ಸಾಲಾಗಿ ನಿಂತಿದ್ವು, ನೆಲ ಒರೆಸಿದ್ರೂ ಗಿಡಕ್ಕೆ ಹಾಕಿದ್ರೂ ಮುಗೀತಿರ್ಲಿಲ್ಲ, ಮಳೆ ಬರೋವಾಗ ಗಿಡಕ್ಕೆ ಯಾಕೆ ನೀರು ಅಂತ ಗಿಡಗಳೇ ಕೇಳೋ ಹಾಗಿತ್ತು. ಟ್ಯಾಂಕಲ್ಲಿ ಕರೆಂಟಿನ ಕಾಯಿಲ್ ಒಂದಿದೆ, ಇಂಥ ಹೊತ್ತಿಗೇ ಅಂತ. ಸ್ವಿಚ್ ಹಾಕಿದ್ರೆ ಅದು ಸುಟ್ಟೋಗಿತ್ತು. ಬೇಸಿಗೇಲಿ ಯಾರು ಚೆಕ್ ಮಾಡ್ತಾರೆ ಅದನ್ನ. ರಿಪೇರಿಯೋರಿಗೆ ಫೋನ್ ಮಾಡಿದ್ವಿ, "ಮೇಡಂ ಈ ವಾರ ಇಡೀ ಊರೇ ಫೋನ್ ಮಾಡ್ತಿದೆ, ಬರ್ತೀನಿ," ಅಂದ್ರು. ಅವರು ಬರೋವರ್ಗೂ ಗ್ಯಾಸ್ ಒಲೆ ಮೇಲೆ ದೊಡ್ಡ ಪಾತ್ರೆಲಿ ನೀರು.

ಅತ್ತೆಗೆ ಇದು ಒಳಗೊಳಗೇ ಖುಷಿ ಕೊಡ್ತು ಅಂತ ನನ್ನ ಅನುಮಾನ. ಅವರ ತವರಲ್ಲಿ ಬಚ್ಚಲೊಲೆ ಮೇಲೆ ತಾಮ್ರದ ಹಂಡೆ ಇತ್ತಂತೆ, ತೆಂಗಿನ ಗರಿ, ಮಟ್ಟೆ, ಚಿಪ್ಪು ಏನು ಸಿಗುತ್ತೋ ಅದನ್ನ ತುರುಕಿ ಉರಿ ಹಾಕೋದು, ಆ ಉರಿ ಮುಂದೆ ಮನೆ ಮಕ್ಕಳೆಲ್ಲಾ ಕುಕ್ಕರುಗಾಲಲ್ಲಿ ಕೂತು ಹಲ್ಲುಜ್ಜೋದು, ಕೆಂಡದಲ್ಲಿ ಗೆಣಸು ಸುಡೋದು. "ನಿಮ್ಮ ಸೋಲಾರ್ ಮುಂದೆ ಕೂತ್ರೆ ಏನು ಸುಡ್ತೀರಿ," ಅಂತ ಕೇಳಿದ್ರು. ಆ ಒಲೆಗೆ ಸೋಗೆ ತುಂಬೋ ಕೆಲಸ ಯಾರದ್ದಾಗಿತ್ತು ಅಂತ ನಾನು ಕೇಳಿದೆ. ಅವರದ್ದೇ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಹನ್ನೊಂದು ವರ್ಷದ ಹುಡುಗಿ, ಹೊಗೇಲಿ ಕಣ್ಣು ಉಜ್ಕೊಂಡು. ಇದನ್ನೂ ಅವರು ಅದೇ ಖುಷೀಲೇ ಹೇಳಿದ್ರು, ನನಗೆ ಮಾತ್ರ ಆಮೇಲೆ ಗೆಣಸಿನ ಕಥೆ ಅಷ್ಟು ಸಿಹಿ ಅನ್ಸಲಿಲ್ಲ.

ಇನ್ನು ದೋಸೆ ಹಿಟ್ಟು. ಇದರ ಬಗ್ಗೆ ನಾನು ಒಂದು ಪುಸ್ತಕನೇ ಬರೀಬಹುದು. ಸಾಮಾನ್ಯ ದಿನ ರಾತ್ರಿ ಒಂಬತ್ತಕ್ಕೆ ರುಬ್ಬಿಟ್ರೆ ಬೆಳಿಗ್ಗೆ ಮುಚ್ಚಳ ಎತ್ತಿರುತ್ತೆ. ಉದ್ದಲ್ಲೂ ಅಕ್ಕೀಲೂ ಮೊದಲೇ ಇರೋ ಬ್ಯಾಕ್ಟೀರಿಯಾ 28-30 ಡಿಗ್ರೀಲಿ ಖುಷಿಯಾಗಿ ಕೆಲಸ ಮಾಡ್ತವೆ, ಗ್ಯಾಸ್ ಬಿಡ್ತವೆ, ಉದ್ದಿನ ಅಂಟು ಆ ಗ್ಯಾಸನ್ನ ಹಿಡಿದಿಟ್ಕೊಳ್ಳುತ್ತೆ, ಹಿಟ್ಟು ಉಬ್ಬುತ್ತೆ. ನಮ್ಮ ಅಡುಗೆಮನೆ ಆ ವಾರ 20ರ ಆಸುಪಾಸು. ಬೆಳಿಗ್ಗೆ ಮುಚ್ಚಳ ತೆಗೆದ್ರೆ ರಾತ್ರಿ ಎಲ್ಲಿಗಿತ್ತೋ ಅಲ್ಲಿಗೇ ಇದೆ, ಮೇಲೆ ಒಂದು ಗುಳ್ಳೆ ಇಲ್ಲ, ಮಧ್ಯದಲ್ಲಿ ನಾನು ಕೈಯಾಡ್ಸಿದ ಬೆರಳಿನ ಗೆರೆ ಕೂಡ ಅಳಿಸಿಲ್ಲ. ಅತ್ತೆ ಬಂದು ತೋರುಬೆರಳು ಅದ್ದಿ ಮೂಸಿ ನೋಡಿ, "ಇದಿನ್ನೂ ನಿದ್ದೆ ಮಾಡ್ತಿದೆ," ಅಂದ್ರು, ಅವತ್ತು ಅಕ್ಕಿರೊಟ್ಟಿ ತಟ್ಟಿದ್ವಿ.

ಮಾರನೇ ರಾತ್ರಿ ಪೂರ್ತಿ ಸಿದ್ಧತೆ. ಮೆಂತ್ಯ ಸ್ವಲ್ಪ ಜಾಸ್ತಿ, ರುಬ್ಬೋಕೆ ಬೆಚ್ಚನೆ ನೀರು, ಕೈಯಲ್ಲೇ ಕಲಸೋದು. ಇಡೋದೆಲ್ಲಿ ಅನ್ನೋದೇ ಪ್ರಶ್ನೆ. ಮನೇಲಿ ಸದಾ ಬೆಚ್ಚಗಿರೋ ಜಾಗ ಹುಡುಕ್ತಾ ಹೋದ್ರೆ ಸಿಗೋದು ಎರಡೇ, ಮೆಟ್ಲು ಕೆಳಗಿನ ಯುಪಿಎಸ್ಸು, ಟೀವಿ ಪಕ್ಕದ ವೈಫೈ ರೂಟರು. ಹಿಟ್ಟಿನ ಪಾತ್ರೆ ಯುಪಿಎಸ್ ಮೇಲೆ, ಹೆಪ್ಪು ಹಾಕಿದ ಹಾಲು ರೂಟರ್ ಮೇಲೆ. ಹಾಲಿಗೆ ತೊಟ್ಟಿರೋ ಒಂದು ಒಣಮೆಣಸಿನಕಾಯಿ ಬೇರೆ, ಅದು ಅತ್ತೆ ಶಾಸ್ತ್ರ, ಕೆಲಸ ಮಾಡುತ್ತೆ ಅಂತ ಅವರು ಹೇಳ್ತಾರೆ, ಮಾಡುತ್ತೆ ಅಂತ್ಲೇ ನಂಗೂ ಅನ್ಸುತ್ತೆ. ಮಗಳು ವಿಡಿಯೋ ನೋಡೋವಾಗ ನಿಂತು ನಿಂತು ಬಂತು ಅಂದ್ರೆ "ಅಜ್ಜಿ ಮೊಸರಿಗೆ ನೆಟ್ ಎಲ್ಲಾ ಹೋಗ್ತಿದೆ" ಅಂತ ಕೂಗೋಳು. ಹಿಟ್ಟಿನ ಪಾತ್ರೆಗೆ ಹೊದಿಸೋಕೆ ಅತ್ತೆ ಏನೇನೋ ನೋಡಿ ಕೊನೆಗೆ ಸರಿಯಾಗಿ ಕೂತಿದ್ದು ಮಾವನ ಮಂಕಿ ಕ್ಯಾಪ್. ಬೆಳಿಗ್ಗೆ ಐದೂವರೆಗೆ ಮಾವ ವಾಕಿಂಗ್‌ಗೆ ರೆಡಿಯಾಗಿ ಕ್ಯಾಪ್ ಹುಡುಕ್ತಾ, ಬೀರು ತೆಗೆದು, ನನ್ನ ಬಾಗಿಲು ತಟ್ಟಿ, ಕೊನೆಗೆ ಮೆಟ್ಲು ಕೆಳಗೆ ಲೈಟ್ ಹಾಕಿದ್ರೆ ಸ್ಟೀಲ್ ಪಾತ್ರೆ ಇವರ ಕ್ಯಾಪ್ ಹಾಕ್ಕೊಂಡು ಕೂತಿದೆ. "ನನಗಿಂತ ಇದಕ್ಕೇ ಮರ್ಯಾದೆ ಜಾಸ್ತಿ ಈ ಮನೇಲಿ," ಅಂದ್ರು. ಹಿಟ್ಟು ಮಾತ್ರ ಉಬ್ಬಿತ್ತು. ಕ್ಯಾಪಿಗೂ ಸ್ವಲ್ಪ ಹತ್ತಿತ್ತು.

ಬಟ್ಟೆ ಕಥೆ ಬೇಗ ಮುಗಿಸ್ತೀನಿ, ಎಲ್ಲರ ಮನೇದೂ ಒಂದೇ. ಡೈನಿಂಗ್ ಕುರ್ಚಿ ಮೇಲೆ ಪ್ಯಾಂಟು, ಕಿಟಕಿ ಸರಳಿಗೆ ಟವೆಲ್ಲು, ಫ್ಯಾನ್ ಕೆಳಗೆ ಒಳಉಡುಪು, ಬಂದ ನೆಂಟರನ್ನ ಹಾಲಲ್ಲಿ ಕೂರಿಸೋಕೆ ನಾಚಿಕೆ. ಸ್ಕೂಲ್ ಸಾಕ್ಸ್ ಇಸ್ತ್ರಿ ಪೆಟ್ಟಿಗೇಲಿ ಒಣಗ್ಸಿದ್ವಿ, ಮನೆಯೆಲ್ಲಾ ಒಂಥರಾ ಒದ್ದೆ ನಾಯಿ ವಾಸನೆ.

ಬಿಸಿಲಿಗೆ ನಾನು ಕೊಟ್ಟಿರದ ಒಂದು ಕ್ರೆಡಿಟ್ ಇದೆ, ಅದನ್ನ ಇಲ್ಲಿ ಕೊಡ್ಬೇಕು. ದಿನಾ ಒಂಬತ್ತರಿಂದ ಹತ್ತೂವರೆವರ್ಗೂ ಅತ್ತೆ ಮುಂದಿನ ಮೆಟ್ಲ ಮೇಲೆ ಕೂತು ಮಂಡಿಗೆ ಬಿಸಿಲು ಕಾಯಿಸ್ಕೋತಾರೆ. ಅಲ್ಲೇ ಸೊಪ್ಪು ಬಿಡಿಸ್ತಾರೆ, ಎದುರು ಮನೆಯೋರ ಜೊತೆ ಮಾತು, ಸೊಪ್ಪಿನ ಗಾಡಿಯವನ ಜೊತೆ ಜಗಳ. ಆ ಒಂದೂವರೆ ಗಂಟೆ ಅಡುಗೆಮನೆ ನಂದು. ನಾನು ಸಾರಿಗೆ ಎಷ್ಟು ಹುಣಿಸೆಹಣ್ಣು ಹಾಕಿದೆ, ಒಗ್ಗರಣೆಗೆ ಎಷ್ಟು ಎಣ್ಣೆ, ಯಾರೂ ನೋಡಲ್ಲ. ಬಿಸಿಲಿಲ್ಲ ಅಂದ್ರೆ ಅವರು ಎಲ್ಲಿ ಹೋಗ್ಬೇಕು? ಅಡುಗೆಮನೇಲೇ ಸ್ಟೂಲ್ ಹಾಕ್ಕೊಂಡು ಒಲೆ ಪಕ್ಕ. "ಈರುಳ್ಳಿ ಇನ್ನೂ ಬಾಡ್ಬೇಕಲ್ವಾ." "ಆ ಬೇಳೆ ತೊಳೆದ್ಯಾ." ಕೇಳೋ ಧ್ವನೀಲಿ ಏನೂ ಕೆಟ್ಟದ್ದಿಲ್ಲ, ಆದ್ರೆ ಹತ್ತು ಸಲ ಕೇಳಿದ್ರೆ ಹನ್ನೊಂದ್ನೇ ಸಲ ನನ್ನ ಸೌಟು ಸ್ವಲ್ಪ ಜೋರಾಗಿ ಪಾತ್ರೆಗೆ ಬಡಿಯುತ್ತೆ. ಗುರುವಾರ ಹಾಗೆ ಬಡೀತು. ಅವರು ಎದ್ದು ರೂಮಿಗೆ ಹೋದ್ರು. ಮಧ್ಯಾಹ್ನ ಹುರುಳಿಕಾಳಿನ ಸಾರು, ಬಿಸಿ ಮುದ್ದೆ, ಚಳೀಲಿ ಅದಕ್ಕಿಂತ ಬೇಕಾ, ತಟ್ಟೆ ಹಾಕಿ ಕರೆದೆ, ಬಂದು ಕೂತು ಒಂದು ತುತ್ತು ನುಂಗಿ "ಈರುಳ್ಳಿ ಚೆನ್ನಾಗಿ ಬಾಡಿದೆ" ಅಂದ್ರು. ನಮ್ಮನೇಲಿ ರಾಜಿ ಆಗೋದು ಹೀಗೇ.

ಅವತ್ತೇ ರಾತ್ರಿ ನ್ಯೂಜೆರ್ಸಿಯಿಂದ ಮೈದುನನ ವಿಡಿಯೋ ಕಾಲ್. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜಾ. ಅವನು ಟೀ ಶರ್ಟು ಚಡ್ಡೀಲಿ ಕೂತಿದ್ದಾನೆ, ಹೊರಗೆ ನಾಲ್ಕೈದು ಡಿಗ್ರಿ ಅಂತೆ, ನಾವು ಇಲ್ಲಿ ಸ್ವೆಟರ್, ಶಾಲು, ಕಾಲುಚೀಲ. "ಏನಮ್ಮಾ ಇಪ್ಪತ್ತು ಡಿಗ್ರಿಗೆ ಹಿಮಾಲಯಕ್ಕೆ ಹೊರಟಿರೋ ಹಾಗಿದ್ದೀರಲ್ಲ" ಅಂತ ಗೇಲಿ. ನಗೋದು ಸುಲಭ ಕಣಪ್ಪ, ನಿಮ್ಮ ಮನೆ ಗೋಡೇನೇ ಚಳಿಗೆ ಅಂತ ಕಟ್ಟಿದ್ದು, ಕೆಳಗಿಂದ ಬಿಸಿಗಾಳಿ ಬರುತ್ತೆ, ನಿಮಗೆ ಚಳಿ ಅಂದ್ರೆ ಬಾಗಿಲಿಂದ ಕಾರಿನವರ್ಗೂ. ನಮ್ಮ ಮನೆ ಕಟ್ಟಿರೋದು ಬೇಸಿಗೆಗೆ. ಮೇಲೆ ಗಾಳಿ ಆಡೋಕೆ ವೆಂಟಿಲೇಟರ್, ಅದಕ್ಕೆ ಬಾಗಿಲಿಲ್ಲ ಬರೀ ಜಾಲರಿ, ಕೆಳಗೆ ಕಾಲಿಗೆ ತಂಪಾಗಿರ್ಲಿ ಅಂತ ಕಲ್ಲಿನ ನೆಲ. ಅದು ಏಪ್ರಿಲಲ್ಲಿ ವರ, ಈಗ ಹೊರಗೆ ರೋಡಲ್ಲಿ ನಿಂತ್ರೇನೇ ಸ್ವಲ್ಪ ಬೆಚ್ಚಗೆ, ಒಳಗೆ ಬಂದ್ರೆ ಥಂಡಿ. ಇದನ್ನ ಹೇಳೋಣ ಅಂದ್ರೆ ಅಷ್ಟರಲ್ಲಿ ಅವನು ಅವರಮ್ಮನಿಗೆ ಮಂಡಿಗೆ ಹೀಟಿಂಗ್ ಪ್ಯಾಡ್ ಆರ್ಡರ್ ಮಾಡ್ತೀನಿ ಅಂತಿದ್ದ, ಅತ್ತೆ ಕಣ್ಣು ಒದ್ದೆ ಮಾಡ್ಕೊಂಡು ಬೇಡಪ್ಪ ಬೇಡ ಅಂತಿದ್ರು, ದಿನಾ ಮಂಡಿಗೆ ಬಿಸಿನೀರಿನ ಬಾಟ್ಲಿ ಇಡೋ ನಾನು ಎದ್ದು ಹಾಲು ಕಾಯ್ಸೋಕೆ ಹೋದೆ.

ನಮ್ಮ ಮನೆ ಪಾತ್ರೆಗೆ ಬರೋ ಅಕ್ಕನಿಗೆ ಈ ಚಳಿ ಬೇರೆ ಲೆಕ್ಕ. ದಿನಕ್ಕೆ ಐದಾರು ಮನೆ, ಎಲ್ಲಾ ಕಡೆ ಹಿತ್ತಲಲ್ಲಿ ನಲ್ಲಿ ನೀರು. ಬೆರಳ ಸಂದಿ ಎಲ್ಲಾ ಬಿಳುಚಿ ಬಿರುಕು ಬಿಟ್ಟಿತ್ತು, ಸೋಪಿನ ಪುಡಿ ತಾಗಿದ್ರೆ ಉರಿ ಅಂತ ತೋರಿಸಿದ್ರು. ಅತ್ತೆ ಮಾತಾಡದೇ ಒಂದು ಬಕೆಟ್ ಬಿಸಿನೀರು ಇಟ್ರು, ನಮ್ಮಿಬ್ಬರ ಸ್ನಾನದ ಪಾಲಿಂದ. ಅಕ್ಕ ಅಂದಿದ್ದು, "ಮಿಕ್ಕ ಮನೇಲಿ ಬೇಸಿನ್ ಒಳಗಡೆಗೇ ಬಿಸಿನೀರಿನ ನಲ್ಲಿ ಇದೆ ಅಮ್ಮ, ತಿರುಗಿಸಬೇಡಿ ಅಂತಾರೆ." ಅದರ ಮೇಲೆ ನಾನೇನೂ ಬರೆಯಲ್ಲ, ಅವರ ಮಾತೇ ಸಾಕು.

ಶುಕ್ರವಾರ ಗಾಳಿಗೆ ಹೆಸರು ಬಂತು, ಶನಿವಾರ ರಾತ್ರಿ ಪುದುಚೇರಿ ಹತ್ರ ದಡ ಹತ್ತಿತು. ಹತ್ತಿದ್ದು ಮುಂದೆ ಹೋಗ್ದೆ ಗಂಟೆಗಟ್ಟಲೆ ಅಲ್ಲೇ ನಿಂತು ಸುರೀತು, ಪುದುಚೇರಿ, ವಿಳುಪ್ಪುರಂ ಕಡೆ ಜನರ ಮನೆ ಒಳಗೆ ನೀರು, ದೋಣೀಲಿ ಜನರನ್ನ ಸಾಗಿಸ್ತಿದ್ರು. ಟೀವಿಲಿ ಅದನ್ನ ನೋಡ್ತಾ ನೋಡ್ತಾ ನಮ್ಮ ದೋಸೆಹಿಟ್ಟಿನ ಗೋಳು ಬಾಯಿಗೆ ಬರ್ಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ನಮ್ಮಲ್ಲೂ ಸಣ್ಣಗೆ ಜಿಟಿಜಿಟಿ, ಒಂದೇ ಸಮ. ಸೋಫಾ ಹಿಂದೆ ಬಗ್ಗಿ ನೋಡಿದ್ರೆ ಕಡ್ಲೆಕಾಯಿ ಓಡಿನ ಮೇಲೆ ಅಲ್ಲಲ್ಲಿ ಬೂದು ಬಣ್ಣ.

ಮಾವ ತಕ್ಷಣ ಮೇಷ್ಟ್ರಾದ್ರು. ಬೂಷ್ಟು ಹಿಡಿದ ಕಡ್ಲೆಕಾಯಿ ಹುರಿದ್ರೂ ವಿಷ ಪೂರ್ತಿ ಹೋಗಲ್ಲ, ಅಫ್ಲಟಾಕ್ಸಿನ್ ಅಂತ, ಲಿವರ್‌ಗೆ ಕೆಟ್ಟದ್ದು, ಕಲೆ ಬಿದ್ದಿದ್ದು, ಕಹಿ ಇರೋದು ಎಲ್ಲಾ ಎಸೀರಿ. ಎಸಿಯೋದಾ? ಅತ್ತೆಗೆ ಬಸವಣ್ಣನ ಪ್ರಸಾದ. ಕೊನೆಗೆ ಅವರೇ ನೆಲದ ಮೇಲೆ ಮೊರ ಇಟ್ಕೊಂಡು, ಮಂಡಿನೋವು ಅಂತ ಕಾಲು ಚಾಚಿ, ಒಂದೊಂದೇ ಕಾಯಿ ಆರಿಸೋಕೆ ಕೂತ್ರು, ಮಗಳು ಮೊಬೈಲ್ ಟಾರ್ಚ್ ಹಿಡಿದು ಇನ್ಸ್‌ಪೆಕ್ಟರ್. ಕೆಟ್ಟಿದ್ದು ಎರಡು ಮೊರ ಹೊರಗೆ ಹೋಯ್ತು. ಒಳ್ಳೇದ್ರಲ್ಲಿ ಅರ್ಧ ಉಪ್ಪು ಹಾಕಿ ಕುಕ್ಕರಿಗೆ. ಇನ್ನರ್ಧ ಹುರಿಯೋದು ನಮ್ಮನೆಯವರ ಪಾಲು. ವಾರ ಪೂರ್ತಿ ಆಫೀಸ್ ಆಫೀಸ್ ಅಂತ ತಪ್ಪಿಸ್ಕೊಂಡಿದ್ರಲ್ಲ, ಕಬ್ಬಿಣದ ಬಾಣಲೇಲಿ ಕಲ್ಲುಪ್ಪು ಸುರಿದು ಕಾಯ್ಸಿ ಅದರಲ್ಲಿ ಕಾಯಿ ಹಾಕಿ ಕೈ ಬಿಡದೇ ಆಡಿಸ್ತಾ ಇರ್ಬೇಕು, ಒಂದು ಸುತ್ತಿಗೆ ಕಾಲು ಗಂಟೆಗಿಂತ ಜಾಸ್ತಿನೇ. ಮೊದ್ಲು ಫೋನ್ ನೋಡ್ಕೊಂಡು ಒಂದು ಕೈಲಿ ಆಡಿಸ್ತಿದ್ರು, ಒಂದಷ್ಟು ಸೀದ ಮೇಲೆ ಎರಡೂ ಕೈ ಬಂತು. ಅಡುಗೆಮನೆ ಬೆಚ್ಚಗಾಯ್ತು, ಒಬ್ಬೊಬ್ಬರೇ ಬಂದು ಅಲ್ಲೇ ಠಿಕಾಣಿ, ಪಿತ್ತ ಆಗದಿರ್ಲಿ ಅಂತ ಅಚ್ಚುಬೆಲ್ಲ ಒಡೆದಿಟ್ಕೊಂಡು ಸುಲಿದು ತಿಂದಿದ್ದೇ ತಿಂದಿದ್ದು. ಸಂಕ್ರಾಂತಿವರ್ಗೂ ಬರ್ಬೇಕಿದ್ದ ಕಡ್ಲೆಕಾಯಿ ಬುಧವಾರದವರ್ಗೂ ಬರ್ಲಿಲ್ಲ.

ಅದೇ ಭಾನುವಾರ ಗಾಡಿಯವನು ಆ ವರ್ಷದ ಅವರೆಕಾಯಿ ತಂದಿದ್ದ, ಚಿನ್ನದ ರೇಟು. ಅತ್ತೆ ಒಂದು ಕಾಯಿ ಉಜ್ಜಿ ಮೂಸಿ ವಾಪಸ್ ಹಾಕಿದ್ರು. "ಸೊಗಡಿಲ್ಲ. ಮಳೆ ಬಿದ್ರೆ ಸೊಗಡು ಬರಲ್ಲ, ಇಬ್ಬನಿ ಬೀಳ್ಬೇಕು." ಮಾಗಡಿ ಹೆಣ್ಣುಮಗಳ ಹತ್ರ ಅವರೆಕಾಯಿ ವಾದ ಮಾಡೋ ಧೈರ್ಯ ಗಾಡಿಯವನಿಗೂ ಇರ್ಲಿಲ್ಲ.

ಅಮಾವಾಸ್ಯೆಗೆ ಕಾರ್ತೀಕ ಮುಗೀತು. ನಮ್ಮನೇಲಿ ಕಾರ್ತೀಕ ಪೂರ್ತಿ ಬಾಡೂಟ ಇಲ್ಲ, ಮಾವ ದಿನ ಎಣಿಸ್ತಿದ್ರು, ಸೋಮವಾರನೂ ಇಲ್ಲ, ಮಂಗಳವಾರ ಬೆಳಿಗ್ಗೇನೇ ಛತ್ರಿ ಹಿಡ್ಕೊಂಡು ಹೋಗಿ ಕಾಲು ತಂದ್ರು. ಸುಟ್ಟು, ಅರಿಶಿನ ಹಚ್ಚಿ ತೊಳೆದು, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಶುಂಠಿ ಜಜ್ಜಿ ಹಾಕಿ ಕುಕ್ಕರ್ ಇಟ್ಟು ಸೀಟಿ ಮೇಲೆ ಸೀಟಿ, ಇಡೀ ಬೀದಿಗೆ ಘಮ. ಸರಿಯಾಗಿ ಆಗ ಗೇಟು ಸದ್ದಾಯ್ತು. ಕಾಯಿಲ್ ರಿಪೇರಿಯೋರು. ಬಾಗಿಲು ತೆಗೆದ್ರೆ ಕಪ್ಪು ಪಂಚೆ, ಕಪ್ಪು ಶರ್ಟು, ಕೊರಳಲ್ಲಿ ಮಾಲೆ, ಬರಿಗಾಲು. ಅಯ್ಯಪ್ಪನ ಮಾಲೆ ಹಾಕಿದ್ದಾರೆ. ಅತ್ತೆ ಓಡಿಹೋಗಿ ಅಡುಗೆಮನೆ ಬಾಗಿಲು ಹಾಕಿದ್ರು, ಕುಕ್ಕರ್ ಒಳಗಿಂದ ಇನ್ನೊಂದು ಸೀಟಿ ಹೊಡೀತು. ಮಾವ "ಸ್ವಾಮಿ, ಹೊರಗಡೆ ಮೆಟ್ಲಿಂದಾನೇ ಮಹಡಿಗೆ ಹೋಗಬಹುದು" ಅಂತ ತಾವೇ ಮಳೇಲಿ ಮುಂದೆ ಹೋದ್ರು.

ಅರ್ಧ ಗಂಟೇಲಿ ಕಾಯಿಲ್ ಬದಲಾಯ್ತು. ದುಡ್ಡು ಇಸ್ಕೊಳ್ಳೋವಾಗ ನಮ್ಮನೆಯವರು ಸುಮ್ನಿರದೇ "ಒಂದು ವಾರ ತಣ್ಣೀರಲ್ಲಿ ಒದ್ದಾಡಿದ್ವಿ ಸ್ವಾಮಿ, ಬೇಗ ಬರ್ಬಾರ್ದಿತ್ತಾ" ಅಂದ್ರು. ಅವರು ಮುಖ ಒರೆಸ್ಕೊಂಡು ನಕ್ಕು, "ನಾವು ದಿನಾ ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರೇ ಸಾರ್, ಸಂಜೆ ಮತ್ತೆ ಒಂದು ಸಲ," ಅಂದು ಬರಿಗಾಲಲ್ಲಿ ಒದ್ದೆ ರೋಡಿಗೆ ಇಳಿದು ಬೈಕ್ ಹತ್ತಿದ್ರು. ಅವತ್ತು ಪೂರ್ತಿ ಮನೇಲಿ ಚಳಿ ಅನ್ನೋ ಮಾತೇ ಯಾರೂ ಆಡ್ಲಿಲ್ಲ. ಮಾರನೇ ಬೆಳಿಗ್ಗೆ ಏಳಕ್ಕೆ ಇವರು ಬಚ್ಚಲಿಂದ ತಲೆ ಹೊರಗೆ ಹಾಕಿ, "ಲೇ, ಕಾಯಿಲ್ ಸ್ವಿಚ್ ಹಾಕಿದ್ದೀಯೋ ಇಲ್ವೋ?"